ಎದುವಿಹೆಸಳ ಬಂಡೆಯಲ್ಲಿ ಮೀನಿಲ್ಲವಂತೆ

ಕೊಲ್ಲಿಯ ದಡದ ಮೀನುಗಾರರ ಊರು ಅಗ್ವಾ ಮನ್ಸಾದಲ್ಲಿ ಎಲ್ಲರಿಗಿಂತ ಚೆನ್ನಾಗಿ ದೋಣಿ ನಡೆಸುವವಳು ಅರವತ್ತೊಂದರ ಎದುವಿಹೆಸ್. ಇದನ್ನು ಒಪ್ಪದವನು ಊರಿಗೊಬ್ಬನೇ, ಅವಳ ಗಂಡ ನತಿವಿದಾದ್. ಹನ್ನೆರಡನೇ ವಯಸ್ಸಿಗೇ ಅಪ್ಪನ ದೋಣಿ ಹತ್ತಿದವಳು ನಾಲ್ಕು ಮಕ್ಕಳನ್ನು ಸಾಕಿದ್ದು ಕೊಲ್ಲಿಯ ಒಂದು ಮುಳುಗುಬಂಡೆಯನ್ನೂ ಅದರ ಬುಡದ ಕಬ್ರಿಯಾ ಎಂಬ ದೊಡ್ಡ ಮೀನನ್ನೂ ನಂಬಿ.

ಕಳೆದ ಏಪ್ರಿಲಿನಲ್ಲಿ ಆ ಬಂಡೆಯ ಮೇಲೆ ಕಲ್ಲು ಸುರಿದು ವಿಹಾರದೋಣಿಗಳು ನಿಲ್ಲಲು ಕಟ್ಟೆ ಕಟ್ಟುತ್ತೇವೆಂದು ಒಂದು ಹೋಟೆಲಿನವರು ಬಂದರು. ಅಲ್ಲಿ ಮೀನಿದೆಯೇ ಎಂದು ನೋಡಿ ವರದಿ ಬರೆಯಬೇಕಾದ ಅವರ ಇಂಜಿನಿಯರ್ ಬರ್ರಾಗಾನ್ ನೀರಿಗಿಳಿಯಲಿಲ್ಲ. ಪಾಪ, ಬೂಟು ಹೊಸದು. ದಡದಲ್ಲಿ ಬಲೆ ಹೊಲಿಯುತ್ತಿದ್ದ ನತಿವಿದಾದನನ್ನೇ ಕೇಳಿದ: "ಬಂಡೆ ಮೇಲೆ ಯಾವ ಮೀನಿದೆ?"

"ಮೇಲಾ? ಮೀನೆಲ್ಲಿ ಬಂತು ಸ್ವಾಮಿ, ಬರೀ ಕತ್ತರಿಬಾಲ."

ನಮ್ಮ ಗಂಡಸರೇ ಹೀಗೆ. ಬಾಣಲೆಗೆ ಬೀಳದ್ದು ಅವರಿಗೆ ಮೀನೇ ಅಲ್ಲ. ಬೆರಳುದ್ದದ ಕತ್ತರಿಬಾಲಗಳು ಸಾವಿರಗಟ್ಟಲೆ ಕೂಡಿ ತೇಲುತ್ತಿದ್ದರೂ ಸೊಳ್ಳೆಗೆ ಸಮ. ಇಂಜಿನಿಯರ್ ಬರೆದುಕೊಂಡ: ‘ಮೀನಿಲ್ಲವೆಂದು ಮೀನುಗಾರರೇ ತಿಳಿಸಿದ್ದಾರೆ.’ ಭಾನುವಾರ ಊರಸಭೆಯಲ್ಲಿ ಅದನ್ನೋದಿ ಒಪ್ಪಿಗೆಗೆ ಕೈ ಎತ್ತಿಸುವುದಷ್ಟೇ ಬಾಕಿ.

ಅಂದು ಮಧ್ಯಾಹ್ನ ನತಿವಿದಾದನ ತಟ್ಟೆಯಲ್ಲಿ ಬರೀ ಬೇಯಿಸಿದ ಕಾಳು.

"ಮೀನೆಲ್ಲೇ?"

"ಬಂಡೇಲಿ ಮೀನೇ ಇಲ್ಲವಂತಲ್ಲ. ನೀನೇ ಹೇಳಿದ್ಯಂತೆ."

"ನಾನು ಹೇಳಿದ್ದು ಆ ಪುಡಿಮೀನಿನ ಮಾತು ಮಾರಾಯ್ತಿ!"

"ಪುಡಿಮೀನಿಲ್ದೆ ನಿನ್ನ ಕಬ್ರಿಯಾ ಏನು ತಿನ್ನತ್ತೆ, ನಿನ್ನ ತಲೆನಾ? ಬಂಡೆ ಹೋದ್ರೆ ಸಾಯೋವರೆಗೂ ಕಾಳೇ ನಿಂಗೆ."

ಮೂರನೇ ದಿನದ ಕಾಳಿಗೆ ನತಿವಿದಾದ್ ಸೋತ. ಶನಿವಾರ ನಡುಮಧ್ಯಾಹ್ನ, ನೀರಿನ ಸೆಳೆತ ಏರಿ ಕತ್ತರಿಬಾಲಗಳು ಮೇಲೇಳುವ ಹೊತ್ತಿಗೆ, ‘ಕಟ್ಟೆಯ ಜಾಗ ತೋರಿಸ್ತೀವಿ’ ಎಂದು ಗಂಡಹೆಂಡಿರು ಇಂಜಿನಿಯರನ್ನು ದೋಣಿ ಹತ್ತಿಸಿದರು. ಬಂಡೆಯ ಮೇಲೆ ಎದುವಿಹೆಸ್ ಮೋಟಾರು ನಿಲ್ಲಿಸಿ ಈಜುಗನ್ನಡಕ ಅವನ ಮುಂದೆ ಹಿಡಿದಳು.

"ಮುಖ ಮುಳುಗಿಸಿ ಎಣಿಸಿ, ಇಂಜಿನಿಯರೇ."

ಮುಳುಗಿಸಿದವನು ಗಾಬರಿಯಿಂದ ಎದ್ದ. "ಇದು ಲೆಕ್ಕಕ್ಕೇ ಸಿಗಲ್ಲಮ್ಮ!"

"ಸಿಗೋವರೆಗೂ ನಮಗೇನೂ ಅವಸರ ಇಲ್ಲ. ಮೋಟಾರಿಗೂ ಇಲ್ಲ."

ಎಣಿಕೆ ಮುನ್ನೂರು ದಾಟುವಷ್ಟರಲ್ಲಿ ಕೆಳಗಿನಿಂದ ಕಬ್ರಿಯಾವೊಂದು ನುಗ್ಗಿತು. ಇಡೀ ಹಿಂಡು ಕಲ್ಲಿನ ಸಂದಿಗಳಲ್ಲಿ ಮಾಯ.

"ಮೊದಲಿಂದ," ಎಂದಳು ಎದುವಿಹೆಸ್.

ನಾಲ್ಕನೇ ಸಲಕ್ಕೆ ಅವನ ಕತ್ತು ಬಿಸಿಲಿಗೆ ಕೆಂಪಾಗಿತ್ತು. "ದಡಕ್ಕೆ ಬಿಡಿ ತಾಯಿ, ಬರೀತೀನಿ."

"ಇಲ್ಲೇ ಬರೀರಿ. ದಡದಲ್ಲಿ ನಿಮಗೆ ಕಣ್ಣು ಕಾಣಲ್ಲ."

ಬರೆದ: ‘ಎಣಿಕೆಗೆ ಮೀರಿದ ಮೀನು.’ ಕೆಳಗೆ ನತಿವಿದಾದನೂ ಸಹಿ ಹಾಕಿದ. ಇದನ್ನು ಬಲವಂತ ಎನ್ನುವ ಸಭ್ಯರಿದ್ದಾರೆ. ನೋಡದೆಯೇ ಬರೆದು ಒಂದೂರಿನ ಅನ್ನಕ್ಕೆ ಕಲ್ಲು ಹಾಕುವುದಕ್ಕೆ ಏನೆನ್ನಬೇಕೆಂದು ಅವರೇ ಹೇಳಲಿ.

ಭಾನುವಾರ ಹೊಸ ವರದಿ ಓದಿಸಿ, ಕಟ್ಟೆ ಬೇಕೆನ್ನುವವರು ಕೈ ಎತ್ತಿ ಎಂದರು ಸಭೆಯ ಹಿರಿಯರು. ಎದ್ದದ್ದು ಒಂದೇ ಕೈ, ನತಿವಿದಾದನದು.

"ನಿಂಗೆ ಕಟ್ಟೆ ಬೇಕೇನಯ್ಯಾ?"

"ಕಟ್ಟೆ ಯಾರಿಗೆ ಬೇಕು! ಇವತ್ತಾದ್ರೂ ಮೀನು ಬೇಯಿಸ್ತಾಳಾ ಅಂತ ಅವಳನ್ನ ಸಭೆಯೇ ಕೇಳಲಿ."