ರಕ್ತದ ರಿಪೋರ್ಟು ಇಳಿದ ದಿನ

ಬರ ಬಿದ್ದ ಆ ವರ್ಷಗಳಲ್ಲಿ ನನ್ನ ಗಂಡ ಟೆಂಪೊದ ಸೀಟು ಬಿಟ್ಟು ಇಳಿದದ್ದೇ ಕಡಿಮೆ. ಭಾಲ್ಕಿಯ ನಮ್ಮ ಓಣಿಯವರನ್ನೂ ಔರಾದ ಕಡೆಯ ನನ್ನ ತವರಿನವರನ್ನೂ ಗಂಟುಮೂಟೆ ಸಮೇತ ಹೈದರಾಬಾದಿಗೆ, ಪುಣೆಗೆ ದುಡಿಯಲು ಒಯ್ದು ಬಿಟ್ಟವರು ಅವರೇ. ದಾರಿಯಲ್ಲಿ ಗಾಡಿ ನಿಲ್ಲಿಸಬೇಕಾಗುತ್ತದೆಂದು ನೀರು ಸಹ ಕುಡಿಯುತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಹೇಳಿದರೆ ಕೇಳುವ ಆಸಾಮಿಯೇ ಅಲ್ಲ.

ಒಮ್ಮೆ ಪುಣೆಯಿಂದ ಬಂದಾಗ ಎಡಗಾಲಿನ ಮೀನಖಂಡ ಬಾತಿತ್ತು. ನಮ್ಮಲ್ಲಿ ಬಾವು ಬಂದರೆ ಬಿಸಿ ಎಣ್ಣೆ ಹಚ್ಚಿ ತಿಕ್ಕುವುದೇ ಔಷಧ. ಅತ್ತೆ ಸಂಜೆಯೆಲ್ಲ ಮೈಬಲ ಹಾಕಿ ತಿಕ್ಕಿದರು. ಮುಂಜಾನೆ ಬಾವು ಇಳಿದಿತ್ತು, ಆದರೆ ನನ್ನ ಗಂಡನಿಗೆ ಉಸಿರು ಸಿಗುತ್ತಿರಲಿಲ್ಲ. ಮೊಣಕಾಲು ನೋವಿನ ಅತ್ತೆಯನ್ನು ಮನೆಯಲ್ಲೇ ಬಿಟ್ಟು ನಾನೊಬ್ಬಳೇ ಬೀದರಿನ ದವಾಖಾನೆಗೆ ಕರೆತಂದೆ.

“ಕಾಲು ತಿಕ್ಕಿದ್ರೇನ್ರಿ?” ಎಂದು ಡಾಕ್ಟರರು ಕೇಳಿದರು.

“ಹೂಂ ರಿ. ಅತ್ತಿ ತಿಕ್ಕಿದ್ರು.”

“ಕಾಲಾಗ ರಕ್ತ ಹೆಪ್ಪುಗಟ್ಟಿತ್ತು. ಅದು ಮ್ಯಾಲ ಹೋಗಿ ಶ್ವಾಸಕೋಶದಾಗ ಕೂತದ. ತಿಕ್ಕಿದ್ದಕ್ಕೇ ಹೋಯ್ತಂತ ಹೇಳಲಿಕ್ಕ ಆಗಲ್ಲ. ಆದ್ರ ತಿಕ್ಕಬಾರದಿತ್ತು.”

ರಕ್ತ ತೆಗೆದರು. ಅದರಲ್ಲಿ ಟ್ರೋಪೋನಿನ್ ಎಂಬುದು ಏರಿದ್ದರೆ ಹೃದಯಕ್ಕೂ ಪೆಟ್ಟು ಬಿದ್ದಿದೆಯೆಂದು ತಿಳಿಯಬೇಕಂತೆ. ಇಳಿಯುತ್ತ ಬಂದರೆ ಧೈರ್ಯ ತಾಳಬಹುದಂತೆ. ರಿಪೋರ್ಟು ಬಂತು. ಏರಿತ್ತು.

“ನಿಮ್ಮ ಮಂದಿಗೆ ಕರಸ್ರಿ,” ಎಂದರು.

“ಎಲ್ಲಾರ್ನೂ ಇವರೇ ಒಯ್ದು ಬಿಟ್ಟು ಬಂದಾರ್ರಿ,” ಎಂದೆ. ಬಾಯಿಗೆ ಆಮ್ಲಜನಕದ ಮಾಸ್ಕು ಹಾಕಿಕೊಂಡು ಮಲಗಿದ ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬಂದಿತ್ತು.

ಹೈದರಾಬಾದಿನಲ್ಲಿದ್ದ ಅಣ್ಣನಿಗೆ ಫೋನು ಮಾಡಿದೆ. “ಕೆಲಸದ ಮುಕಾದಮ ರಜಾ ಕೊಡವಲ್ಲ ತಂಗಿ, ನಾಳಿ ನೋಡ್ತೇನಿ,” ಎಂದ. ಆ ನಾಳೆ ಬರಲೇ ಇಲ್ಲ. ಅತ್ತೆಗೆ ಮಾಡಿದರೆ, “ಬಾವು ಇಳೀತಲ್ಲವ್ವ, ನನ್ನ ಕೈಗುಣ. ಉಸಿರೂ ಸರಿ ಆಗ್ತದ ಬಿಡು,” ಎಂದರು. ತಿಕ್ಕಿದ್ದರ ಬಗ್ಗೆ ಡಾಕ್ಟರರು ಅಂದದ್ದನ್ನು ಹೇಳಬೇಕೆಂದಿದ್ದೆ. “ಹೌದ್ರಿ ಅತ್ತಿ,” ಎಂದು ಫೋನಿಟ್ಟೆ. ಅತ್ತೆ ತೀರಿಕೊಳ್ಳುವವರೆಗೂ ನಾನದನ್ನು ಯಾರ ಹತ್ತಿರವೂ ಆಡಲಿಲ್ಲ.

ಮತ್ತೆ ರಕ್ತ ತೆಗೆದರು. ಆ ಸಲವೂ ಇಳಿದಿರಲಿಲ್ಲ. ಮರುದಿನ ಡಾಕ್ಟರರು ರಿಪೋರ್ಟು ಹಿಡಿದು ತಾವೇ ಬಂದರು. “ಇಳೀಲಿಕ್ಕತ್ತದರಿ. ಇನ್ನ ಹೆದರಬ್ಯಾಡ್ರಿ.”

ಯಾರಿಗಾದರೂ ಹೇಳೋಣವೆಂದು ತಿರುಗಿದೆ. ನಮ್ಮವರು ಅಂತ ಒಬ್ಬರೂ ಇರಲಿಲ್ಲ. ಕೆಟ್ಟ ರಿಪೋರ್ಟು ಬಂದಾಗಲೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮಾಸ್ಕು ತೆಗೆದ ಮೇಲೆ ಅವರು ಮೊದಲು ಕೇಳಿದ್ದು ಇದನ್ನೇ. “ನೋಡ್ಲಿಕ್ಕ ಯಾರ್ಯಾರ ಬಂದಿದ್ರು?”

“ಎಲ್ಲಾರೂ ಬಂದು ಹೋದ್ರು. ನಿಮಗ ನಿದ್ದಿ ಹತ್ತಿತ್ತು.”

“ಚಹಾ ಕುಡಿಸಿದಿ ಏನ?”

“ಕುಡಿಸಿದೆ ರಿ.”

“ಪಾಪ, ಅಷ್ಟ ದೂರಿಂದ ಬಂದಾರ,” ಎಂದು ಸಮಾಧಾನದಿಂದ ಕಣ್ಣು ಮುಚ್ಚಿದರು.