ಗಫೂರ್ ಸಾಬರ ತೊಡೆ ಮೇಲಿದ್ದ ಗಾಲಿ

ಕಡೂರಿನ ಸೂಫಿಯಾಗೆ ಎಂಟನೇ ವಯಸ್ಸಿಗೇ ಪಂಕ್ಚರ್ ಹಾಕಲು ಬರುತ್ತಿತ್ತು. ಬಸ್ ಸ್ಟ್ಯಾಂಡ್ ಹಿಂದಿನ ಸೈಕಲ್ ಶಾಪಿನ ಅಬ್ದುಲ್ ಗಫೂರರ ಮಗಳಿಗೆ ಅದೇನು ದೊಡ್ಡದಲ್ಲ. ಬಿ.ಕಾಂ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಕಾಲೇಜಿನ ಸೈಕಲ್ ಟೀಮಿನಲ್ಲಿ ಅವಳದೇ ಮೊದಲ ಹೆಸರು. ಹೊಟ್ಟೆಕಿಚ್ಚಿನಲ್ಲೂ ಅವಳೇ ಮೊದಲು. ಅದನ್ನು ಮುಚ್ಚಿಟ್ಟು ಅವಳ ಕಥೆ ಹೇಳಲಾಗದು.

ಹೊಟ್ಟೆಕಿಚ್ಚು ದೀಪಶ್ರೀ ಮೇಲೆ. ಯಗಟಿಯ ಹುಡುಗಿ, ಅದೇ ಟೀಮು. ಸೈಕಲ್ ತುಳಿಯುವುದು ಗೊತ್ತೇ ಹೊರತು ಅದನ್ನು ಒಂದು ದಿನವೂ ಬಗ್ಗಿ ನೋಡಿದವಳಲ್ಲ. ಶಾಪಿಗೆ ಬಂದು "ಅಂಕಲ್, ಏನೋ ಸೌಂಡ್ ಬತ್ತದೆ" ಅಂದರೆ ಸಾಕು, ಗಫೂರ್ ಸಾಬರು ಕೈಯಲ್ಲಿದ್ದ ಕೆಲಸ ಬಿಟ್ಟು ಏಳುವರು. ಮಗಳು ಕೇಳಿದರೆ ಮಾತ್ರ, "ನಿಂಗೇ ಬತ್ತದಲ್ಲ, ಮಾಡ್ಕೋ." ಗಿರಾಕಿಯದು ಮೊದಲು, ಮನೆಯದು ಕೊನೆಗೆ, ಶಾಪಿನ ಕಟ್ಟಳೆಯೇ ಹಾಗೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಸೂಫಿಯಾ ಒಳಗೊಳಗೇ ಕುದಿಯುತ್ತಿದ್ದಳು.

ಆ ಜುಲೈಯಲ್ಲಿ ಶನಿವಾರ, ಭಾನುವಾರ ರೇಸು. ಎರಡೂ ದಿನದ ಟೈಮು ಕೂಡಿಸಿ ಯಾರು ಮುಂದೋ ಆ ಒಬ್ಬಳಿಗೆ ಯೂನಿವರ್ಸಿಟಿ ಟೀಮಿನಲ್ಲಿ ಜಾಗ. ಸೂಫಿಯಾಗೆ ಬೇಕಾಗಿದ್ದದ್ದು ಅದೊಂದೇ. ಮೆಕ್ಯಾನಿಕ್ ಆಗಿ ಗಫೂರ್ ಸಾಬರೂ ಟೆಂಪೋದಲ್ಲಿ ಹೊರಟರು.

ಶನಿವಾರ ಕಡೂರಿಂದ ತರೀಕೆರೆಗೆ. ಬೀರೂರು ದಾಟುತ್ತಲೇ ಮಳೆ ಮುಖಕ್ಕೆ ರಾಚತೊಡಗಿತು. ತರೀಕೆರೆ ಇನ್ನೇನು ಬಂತು ಅನ್ನುವಾಗ ದೀಪಶ್ರೀ ನೀರು ತುಂಬಿದ ಗುಂಡಿಗೆ ಬಿದ್ದು ಮುಂದಿನ ಗಾಲಿ ಸೊಟ್ಟಗಾಯಿತು. ಸೂಫಿಯಾ ನಲವತ್ತು ಸೆಕೆಂಡು ಮುಂದೆ ಬಂದಳು. ಗೆದ್ದ ಮಗಳು ನೆನೆದು ನಡುಗುತ್ತ ನಿಂತಿದ್ದರೆ ಅಪ್ಪ, ಅವಳ ಅಬ್ಬಾ, ಅವಳನ್ನು ದಾಟಿಕೊಂಡು ದೀಪಶ್ರೀಯ ಸೈಕಲ್ಲಿನ ಹತ್ತಿರ ಹೋದರು.

ಟೀಮು ಇಳಿದುಕೊಂಡಿದ್ದು ಒಂದು ಕಲ್ಯಾಣ ಮಂಟಪದಲ್ಲಿ. ಊಟ ಮುಗಿಸಿ ಸೂಫಿಯಾ ಕಿಟಕಿಯಿಂದ ನೋಡಿದಳು. ಜಗಲಿಯಲ್ಲಿ ದೀಪಶ್ರೀಯ ಸೈಕಲ್ ತಲೆಕೆಳಗಾಗಿ ನಿಂತಿತ್ತು. ಅಬ್ಬಾ ಅದರ ಮುಂದೆ ಕೂತು, ತೊಡೆ ಮೇಲೆ ಗಾಲಿ ಇಟ್ಟುಕೊಂಡು ಬಗ್ಗಿದ್ದರು. ಕಾಣುತ್ತಿದ್ದದ್ದು ಬೆನ್ನು ಮಾತ್ರ. ಒಂದು ಗಂಟೆಯಾದರೂ ಏಳಲಿಲ್ಲ. ಸಂಜೆ ನೋಡಿದರೆ ದೀಪಶ್ರೀಯ ಸೈಕಲ್ಲಿಗೆ ಫಳಫಳ ಹೊಳೆಯುವ ಹೊಸ ಗಾಲಿ, ತನ್ನದಕ್ಕೆ ಅದೇ ಮಾಸಲು ಗಾಲಿ.

ಭಾನುವಾರ ಬೆಳಿಗ್ಗೆ ಎಲ್ಲರೂ ಟೀ ಕುಡಿಯಲು ಹೋದಾಗ ಅವಳು ಎರಡೂ ಸೈಕಲ್ಲುಗಳ ಮುಂದಿನ ಗಾಲಿ ಬಿಚ್ಚಿ ಅದಲುಬದಲು ಮಾಡಿದಳು. ಹೊಸದಕ್ಕೆ ಅಂಗಳದ ಕೆಸರು ಮೆತ್ತಿದಳು. ಹಳೆಯದನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿ ಹೊಳೆಯಿಸಿದಳು. ಐದು ನಿಮಿಷದ ಕೆಲಸ, ಅಬ್ಬಾ ಕಲಿಸಿದ್ದೇ. ದೀಪಶ್ರೀ ಬಂದಳು, ಹತ್ತಿದಳು, ಏನೂ ನೋಡಲಿಲ್ಲ.

ಅಜ್ಜಂಪುರದ ದಾರಿಯಲ್ಲಿ ಮಳೆಯ ಜೊತೆ ಎದುರುಗಾಳಿ. ಅರ್ಧ ದಾರಿ ಇಬ್ಬರೂ ಜೊತೆಗೇ ಇದ್ದರು. ಆಮೇಲೆ ಸೂಫಿಯಾಳ ಮುಂದಿನ ಗಾಲಿ ಕರಕರ ಅನ್ನತೊಡಗಿತು. ಆ ಸದ್ದು ಅವಳಿಗೆ ಗೊತ್ತು: ಗಾಲಿಯ ನಡುವಿನ ಹಬ್ಬಿನಲ್ಲಿ ಗ್ರೀಸಿಲ್ಲದೆ ನೀರು ಹೊಕ್ಕಿದೆ. ತುಳಿದಷ್ಟೂ ಹಿಂದಕ್ಕೆ ಎಳೆಯುತ್ತಿತ್ತು. ದೀಪಶ್ರೀ ಮಾತ್ರ ಸದ್ದಿಲ್ಲದೆ ಮುಂದೆ ಮುಂದೆ ಹೋಗಿ ಮಳೆಯಲ್ಲಿ ಮರೆಯಾದಳು. ಅಜ್ಜಂಪುರ ಮುಟ್ಟುವಾಗ ಸೂಫಿಯಾ ಒಂದು ನಿಮಿಷಕ್ಕಿಂತ ಹಿಂದೆ. ನಿನ್ನೆಯ ನಲವತ್ತು ಸೆಕೆಂಡೂ ಹೋಯಿತು, ಜಾಗವೂ ಹೋಯಿತು.

ಗಫೂರ್ ಸಾಬರು ಅಭ್ಯಾಸದಂತೆ ದೀಪಶ್ರೀಯ ಸೈಕಲ್ ಎತ್ತಿ, ಕಣ್ಣು ಮುಚ್ಚಿ ಗಾಲಿ ತಿರುಗಿಸಿದರು. ಕಣ್ಣು ಬಿಟ್ಟರು. ಮಗಳ ಸೈಕಲ್ಲಿನ ಗಾಲಿಯನ್ನೂ ತಿರುಗಿಸಿದರು. ಅವಳನ್ನು ಟೆಂಪೋದ ಮರೆಗೆ ಕರೆದು ಮನೆಮಾತಿನಲ್ಲಿ ಮೆಲ್ಲಗೆ ಹೇಳಿದರು: "ಹೊಸಾ ವೀಲು ಅಂಗಡಿಯಿಂದ ಬಂದಿದ್ದು ಬಂದ ಹಂಗೇ ಹಾಕ್ದೆ, ಹತ್ತು ನಿಮಿಷ. ಆಮೇಲೆ ಒಂದು ಗಂಟೆ ಕೂತು ಬಿಚ್ಚಿದ್ದು ನಿಂದನ್ನ. ಹಬ್ಬಿಗೆ ಹೊಸಾ ಬೇರಿಂಗ್ ಗುಂಡು ಹಾಕಿ ಗ್ರೀಸು ತುಂಬ್ದೆ. ಮಗಳ ಸೈಕಲ್ ಮುಂದೆ ಕೂತ್ರೆ ನಾಕು ಜನ ನಾಕು ಥರ ಆಡ್ಕೋತಾರೆ ಅಂತ ಅವ್ಳ ಸೈಕಲ್ ಮುಂದೆ ಕೂತೆ. ಕೇಳಿದ್ರೆ ಹೇಳ್ತಿರ್ಲಿಲ್ವಾ ಬೇಟಾ?"

ಅಷ್ಟರಲ್ಲಿ ದೀಪಶ್ರೀ ಸೈಕಲ್ ತಳ್ಳಿಕೊಂಡು ಓಡಿಬಂದಳು. "ಅಂಕಲ್, ನೀವ್ ಹಾಕ್ಕೊಟ್ಟ ವೀಲಿಂದ್ಲೇ ಗೆದ್ದಿದ್ದು ಕಣ್ರೀ! ಯೂನಿವರ್ಸಿಟಿ ರೇಸ್ಗೂ ಇದೇ ಇರ್ಲಾ?"

ಗಫೂರ್ ಸಾಬರು ಮಗಳ ಮುಖ ನೋಡಿದರು.

"ಇರ್ಲಿ ಕಣೇ, ತಗೊಂಡೋಗು" ಅಂದಳು ಸೂಫಿಯಾ. "ಅಬ್ಬಾ ಬಾಳ ಮನಸಿಟ್ಟು ಮಾಡಿದಾರೆ." ಹೇಳುವಾಗಲೂ ಅವಳ ಹೊಟ್ಟೆ ಉರಿಯುತ್ತಲೇ ಇತ್ತು.