ಎರಡನೆಯ ಮತ ಕೇಳಿದ ಅಜ್ಜಿ

ಮೊನ್ನೆ ನಾವಿರುವ ಶೋರ್‌ಲೈನ್ ಊರಿನ ಒಂದು ಬೇಕರಿಯ ಮುಂದೆ ಹಾದುಹೋಗುವಾಗ, ಹುಳಿ ಮಜ್ಜಿಗೆಯಲ್ಲಿ ಕಲಸಿದ ಹಿಟ್ಟು ಬೇಯುವ ವಾಸನೆ ಬಂತು. ಕಾಲು ಅಲ್ಲೇ ನಿಂತಿತು. ನಮ್ಮ ಪಕ್ಕದ ಮನೆ ಅಜ್ಜಿಯ ಅಡುಗೆಮನೆ ಹೀಗೇ ಇರುತ್ತಿತ್ತು...

ನಾವು ಈ ಊರಿಗೆ ಬಂದ ಹೊಸದು. ಗಂಡ ಆಫೀಸಿಗೆ ಹೋದರೆ ಮನೆಯಲ್ಲಿ ನಾನು, ಮೂರು ವರ್ಷದ ಮಗಳು, ಇಬ್ಬರೇ. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಒಂದು ದಿನ ಬೇಲಿಯ ಆಚೆಯಿಂದ ಅಜ್ಜಿ ಕರೆದು, "ನೀನು ಮನೆಯಲ್ಲೇ ಮೊಸರು ಮಾಡ್ತೀಯಂತೆ. ಹುಳಿ ಬಂದದ್ದಿದ್ದರೆ ಚೆಲ್ಲಬೇಡ, ನನಗೆ ಕೊಡು," ಅಂದರು. ಕೊಟ್ಟೆ. ಮಧ್ಯಾಹ್ನ ಅದು ಬಿಸಿ ಬ್ರೆಡ್ಡಾಗಿ ನಮ್ಮ ಮನೆಗೆ ವಾಪಸು ಬಂತು. ಅಂದಿನಿಂದ ನನ್ನ ಮಗಳಿಗೆ ಅವರು "ಅಜ್ಜಿ". ಆ ಒಂದು ಕನ್ನಡ ಪದ ಅವರಿಗೂ ಬಹಳ ಹಿಡಿಸಿತ್ತು.

ಅವರು ಐರ್ಲೆಂಡಿನ ಕಡಲತೀರದ ಒಂದು ಸಣ್ಣ ಊರಿನವರು. ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷವಾಗಿತ್ತು. ಊರಲ್ಲಿ ಒಬ್ಬನೇ ತಮ್ಮ, ಬಸ್ ಡ್ರೈವರ್. ಅವನ ಜೊತೆ ಮಾತು ನಿಂತು ಒಂಬತ್ತು ವರ್ಷ. ತಾಯಿ ತೀರಿಕೊಂಡಾಗ ಅಜ್ಜಿಯ ಗಂಡ ಇಲ್ಲಿ ಆಸ್ಪತ್ರೆಯಲ್ಲಿದ್ದರು, ಇವರು ಮಣ್ಣಿಗೆ ಹೋಗಲಾಗಲಿಲ್ಲ. "ಇನ್ನು ಬರೋದೇ ಬೇಡ ಬಿಡು," ಅಂತ ತಮ್ಮ ಫೋನಿಟ್ಟನಂತೆ. ಅಷ್ಟೇ. ಆಮೇಲೆ ಗಂಡನೂ ಹೋದರು. ತಮ್ಮನ ಫೋನ್ ಬರಲಿಲ್ಲ, ಇವರೂ ಮಾಡಲಿಲ್ಲ.

ಒಂದು ವಸಂತದಲ್ಲಿ ಊರಿನ ಗೆಳತಿಯೊಬ್ಬಳಿಂದ ಸುದ್ದಿ ಬಂತು. ಊರಿನ ಪುಟ್ಟ ಲೈಬ್ರರಿಯನ್ನು ಮುಚ್ಚುವ ಮಾತು ನಡೆದಿದೆ, ಅದನ್ನು ಉಳಿಸಬೇಕೆಂದು ಅಜ್ಜಿಯ ತಮ್ಮನೇ ಕೌಂಟಿ ಕೌನ್ಸಿಲ್, ಅಂದರೆ ಅಲ್ಲಿನ ಜಿಲ್ಲಾ ಪಂಚಾಯಿತಿಯ, ಚುನಾವಣೆಗೆ ನಿಂತಿದ್ದಾನೆ, ಪಾರ್ಟಿ ಗೀರ್ಟಿ ಏನೂ ಇಲ್ಲ, ಸ್ವತಂತ್ರ. ಅಜ್ಜಿಯ ತಾಯಿ ಇಪ್ಪತ್ತು ವರ್ಷ ಆ ಲೈಬ್ರರಿಯ ನೆಲ ಒರೆಸಿದ್ದರು. ಮಕ್ಕಳಿಬ್ಬರೂ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಓದಿ ಬೆಳೆದವರು.

ಮಾರನೆಯ ಬೆಳಿಗ್ಗೆ ಅಜ್ಜಿ ಒಂದು ಹಳೇ ವಿಳಾಸದ ಪುಸ್ತಕ ಹಿಡಿದು ನಮ್ಮ ಮನೆಗೆ ಬಂದರು. ಬೆರಳಿನ ಗಂಟುಗಳು ಊದಿಕೊಂಡು ಅವರಿಗೆ ಫೋನಿನ ಗುಂಡಿ ಒತ್ತಲಾಗುತ್ತಿರಲಿಲ್ಲ. "ನೀನು ನಂಬರ್ ಒತ್ತು, ಮಾತು ನಾನಾಡ್ತೀನಿ."

ಇಲ್ಲಿ ಹತ್ತು ಗಂಟೆಯೆಂದರೆ ಅಲ್ಲಿ ಸಂಜೆ ಆರು, ಎಲ್ಲರೂ ಮನೆಯಲ್ಲಿರುವ ಹೊತ್ತು. ಶಾಲೆಯ ಗೆಳತಿಯರು, ಮೀನು ಮಾರುವವಳ ಮಗ, ಚರ್ಚಿನಲ್ಲಿ ಜೊತೆಗೆ ಹಾಡುತ್ತಿದ್ದವರು... ಎಲ್ಲರಿಗೂ ಒಂದೇ ಮಾತು: "ನಿನ್ನ ಮೊದಲ ಮತ ನಿನ್ನ ಪಾರ್ಟಿಗೇ ಇರಲಿ, ನಾನು ಅದನ್ನು ಕೇಳಲ್ಲ. ಎರಡನೆಯದು ನನ್ನ ತಮ್ಮನಿಗೆ ಕೊಡು."

ನನಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಒಂದು ಗುಂಡಿ ಒತ್ತಿ ಬಂದರೆ ಮುಗಿಯಿತು. ಒಬ್ಬರಿಗೆ ಎರಡು ಮತ ಎಲ್ಲಿಂದ ಬರುತ್ತೆ? ಮಧ್ಯಾಹ್ನ ಬ್ರೆಡ್ಡಿಗೆ ಹಿಟ್ಟು ಕಲಸುತ್ತಾ ಅಜ್ಜಿ ವಿವರಿಸಿದರು. ಅಲ್ಲಿ ಹೆಸರುಗಳ ಮುಂದೆ ಒಂದು, ಎರಡು, ಮೂರು ಅಂತ ಬರೆಯುತ್ತಾರೆ. ನಾನು ಒಂದು ಅಂತ ಬರೆದವನು ಕೊನೆಯವನಾಗಿ ಹೊರಬಿದ್ದರೆ, ನನ್ನ ಚೀಟಿ ನಾನು ಎರಡು ಅಂತ ಬರೆದವನ ಲೆಕ್ಕಕ್ಕೆ ಹೋಗುತ್ತದೆ. ಗೆದ್ದವನಿಗೆ ಬೇಕಾದ್ದಕ್ಕಿಂತ ಹೆಚ್ಚು ಬಿದ್ದರೆ ಆ ಹೆಚ್ಚಿನದೂ ಹಾಗೇ ಮುಂದಕ್ಕೆ. "ಯಾರ ಮತವೂ ಸುಮ್ಮನೆ ಹಾಳಾಗಲ್ಲ ನೋಡು," ಅಂದರು. ಆಮೇಲೆ ಮುಖ ಗಂಭೀರ ಮಾಡಿ, "ನಾನು ಫೋನ್ ಮಾಡಿದ್ದು ಅವನಿಗೆ ಯಾವತ್ತೂ ಗೊತ್ತಾಗಬಾರದು. ಆಣೆ ಮಾಡು," ಅಂದರು. ಮಾಡಿದೆ.

ಎಣಿಕೆ ಶನಿವಾರ. ಅಜ್ಜಿಯ ಅಡುಗೆಮನೆಯಲ್ಲಿ ಕೂತು ಅವರೂರಿನ ರೇಡಿಯೊವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟೆ. ಇದ್ದದ್ದು ಆರು ಸ್ಥಾನ. ಒಂದೊಂದು ಸುತ್ತಿಗೂ ಒಬ್ಬರು ಹೊರಗೆ. ಅಜ್ಜಿಯ ತಮ್ಮ ಏಳನೆಯ ಜಾಗದಲ್ಲಿ ಕೂತವನು ಅಲ್ಲಾಡಲಿಲ್ಲ. ಹನ್ನೊಂದು ಗಂಟೆಯಾಯಿತು, ಹನ್ನೆರಡಾಯಿತು. ಅಜ್ಜಿ ಚಹಾ ಕೂಡ ಮುಟ್ಟಲಿಲ್ಲ. "ನಾನು ಮೊದಲೇ ಅವನಿಗೆ ಫೋನ್ ಮಾಡಬೇಕಿತ್ತು... ಚುನಾವಣೆಗಲ್ಲ, ಸುಮ್ಮನೆ," ಅಂದರು.

ಕೊನೆಗೆ ದೊಡ್ಡ ಪಾರ್ಟಿಯ ಒಬ್ಬ ಹಳೇ ಮೇಷ್ಟರು ಹೊರಬಿದ್ದರು. ಅವರ ಚೀಟಿಗಳನ್ನು ಹಂಚತೊಡಗಿದರು. ರೇಡಿಯೊದವನು ಹೆಸರು, ಸಂಖ್ಯೆ ಓದುತ್ತಾ ಹೋದ. ನಾನು ಕಾಗದದ ಮೇಲೆ ಬರೆದು ಕೂಡಿಸುತ್ತಾ ಇದ್ದೆ. ಎರಡು ಸಲ ಕೂಡಿಸಿದೆ, ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ರೇಡಿಯೊದವನೇ ಹೇಳಿಬಿಟ್ಟ. ಆರನೆಯ ಸ್ಥಾನ ಬಸ್ ಡ್ರೈವರನಿಗೆ.

ಅಜ್ಜಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬೆಳಗಿನಿಂದ ಹಿಡಿದಿಟ್ಟುಕೊಂಡದ್ದೋ, ಒಂಬತ್ತು ವರ್ಷದಿಂದಲೋ... ನನ್ನ ಮಗಳನ್ನು ಎತ್ತಿಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದರು. ಅರ್ಧ ಗಂಟೆಯಲ್ಲಿ ಅವರ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಒಂದು ಗಂಡು ದನಿ, ಅಳುಕುತ್ತಾ: "ನಾನು... ಗೆದ್ದೆ ಅಂತ ಹೇಳೋಣ ಅಂತ ಮಾಡಿದೆ."

ಅಜ್ಜಿ ಕಣ್ಣೊರೆಸಿಕೊಂಡು, "ಹೌದಾ? ಚುನಾವಣೆಗೆ ನಿಂತಿದ್ದೆಯಾ? ನನಗೆ ಗೊತ್ತೇ ಇರಲಿಲ್ಲ!" ಅಂದರು. ನಾನು ನಗು ತಡೆಯಲಾರದೆ ಮಗಳನ್ನು ಕರೆದುಕೊಂಡು ಹಿತ್ತಲಿಗೆ ಹೋದೆ.

ಆ ಬೇಸಿಗೆ ಅಜ್ಜಿ ಊರಿಗೆ ಹೋದರು. ಮುಂದಿನ ಎರಡು ಬೇಸಿಗೆಯೂ. ಲೈಬ್ರರಿ ಉಳಿಯಿತು, ವಾರದಲ್ಲಿ ಮೂರೇ ದಿನ ತೆರೆದರೂ. ಮೂರನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಜ್ಜಿ ಏಳಲಿಲ್ಲ.

ಮನೆ ಖಾಲಿ ಮಾಡಲು ಅಜ್ಜಿಯ ತಮ್ಮ ಬಂದರು. ನಮ್ಮ ಮನೆಗೆ ಊಟಕ್ಕೆ ಕರೆದೆ. ಆಣೆ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಇನ್ನು ಮುಚ್ಚಿಟ್ಟು ಯಾರಿಗೇನು ಅನ್ನಿಸಿ, "ನಿಮಗೆ ಒಂದು ವಿಷಯ ಹೇಳಬೇಕು. ಆ ಚುನಾವಣೆಯಲ್ಲಿ..." ಎಂದು ಶುರುಮಾಡಿದೆ.

ಅವರು ನಕ್ಕುಬಿಟ್ಟರು. "ಗೊತ್ತಮ್ಮ. ಮತ ಕೇಳೋಕೆ ಯಾರ ಬಾಗಿಲು ತಟ್ಟಿದರೂ, 'ನಿಮ್ಮಕ್ಕ ಆಗಲೇ ಫೋನ್ ಮಾಡಿದ್ದಳು' ಅಂತಿದ್ದರು. ಗೆದ್ದ ದಿನ ನಾನು ಫೋನ್ ಮಾಡಿದಾಗ, ಗೊತ್ತೇ ಇರಲಿಲ್ಲ ಅಂದಳಲ್ಲ? ಅವಳ ಹಿಂದೆ ನಮ್ಮೂರಿನ ರೇಡಿಯೊ ಜೋರಾಗಿ ಹಾಡ್ತಾ ಇತ್ತು." ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅವಳಿಗೆ ಹೇಳಲಿಲ್ಲ ನಾನು. ಗುಟ್ಟು ಮುಚ್ಚಿಟ್ಟಿದ್ದೀನಿ ಅಂತ ಅವಳಿಗೆ ಎಷ್ಟು ಖುಷಿ ಇತ್ತು ಗೊತ್ತಾ?"

ಅವತ್ತು ನನ್ನ ಎದೆ ಎಷ್ಟು ಹಗುರಾಯಿತೆಂದರೆ, ಅಜ್ಜಿ ಹೋದ ದಿನ ಬಾರದ ಅಳು ಆಗ ಬಂತು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದಾರೆ. ಆದರೂ ಹೈಸ್ಕೂಲಿನ ನನ್ನ ಮಗಳು ಗೆಳತಿಯರಿಗೆ ಫೋನಿನಲ್ಲಿ ದಾರಿ ಹೇಳುವಾಗ ಇಂಗ್ಲಿಷಿನಲ್ಲೇ ಅನ್ನುತ್ತಾಳೆ: "ರೈಟ್ ನೆಕ್ಸ್ಟ್ ಟು ಅಜ್ಜೀಸ್ ಹೌಸ್." ಯಾವ ಅಜ್ಜಿ ಎಂದು ಆ ಹುಡುಗಿಯರಿಗೆ ಗೊತ್ತಿಲ್ಲ. ನಾನು ತಿದ್ದಲು ಹೋಗುವುದಿಲ್ಲ.